ಬೆಳಗಿನ ಜಾವದ ಕಪ್ಪು ಹಾಡುಗಾರ: ಯುರೋಪಿನ ಬ್ಲ್ಯಾಕ್‌ಬರ್ಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ನನ್ನ ಫೋನಿಗೆ ಮೆಸೇಜುಗಳು ಶುರುವಾಗುತ್ತವೆ. ಹೊಸದಾಗಿ ಜರ್ಮನಿಗೋ ಇಂಗ್ಲೆಂಡಿಗೋ ನೆದರ್ಲೆಂಡ್ಸ್‌ಗೋ ಬಂದಿರುವ ಕನ್ನಡದವರು. "ಬೆಳಗಿನ ಜಾವ ಯಾರೋ ಕೊಳಲು ಊದಿದ ಹಾಗೆ ಕೇಳುತ್ತದೆ, ಯಾವ ಹಕ್ಕಿ ಅದು?" ಏಪ್ರಿಲ್‌ನಲ್ಲಿ "ಬಾಲ್ಕನಿ ಕುಂಡದಲ್ಲಿ ಮೊಟ್ಟೆ ಇಟ್ಟಿದೆ, ಏನು ಮಾಡಲಿ?" ಮೇ ತಿಂಗಳಲ್ಲಿ "ಮರಿ ಕೆಳಗೆ ಬಿದ್ದಿದೆ, ಬೇಗ ಹೇಳಿ!" ಹೆಚ್ಚುಕಡಿಮೆ ಎಲ್ಲದಕ್ಕೂ ಒಂದೇ ಹಕ್ಕಿ ಕಾರಣ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಪಕ್ಷಿವಿಜ್ಞಾನಿ ಅಲ್ಲ. ಮ್ಯೂನಿಕ್‌ನ ಒಂದು ಹಳೇ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಹಿಂದಿನ ಅಂಗಳದಲ್ಲಿ ಈ ಹಕ್ಕಿಗಳಿವೆ. ನೋಡುತ್ತಾ, ಓದುತ್ತಾ ಬಂದಿದ್ದೇನೆ. ಮರಿ ನೆಲದ ಮೇಲೆ ಸಿಕ್ಕಿ ಗಾಬರಿಯಲ್ಲಿ ಇದನ್ನು ತೆರೆದಿದ್ದರೆ ನೇರವಾಗಿ ಆ ಪ್ರಶ್ನೆಗೆ ಹೋಗಿ, ಉಳಿದದ್ದನ್ನು ಆಮೇಲೆ ಓದಿದರಾಯಿತು.

ಇದು ಬ್ಲ್ಯಾಕ್‌ಬರ್ಡೇ ಅಂತ ಗುರುತಿಸುವುದು ಹೇಗೆ?

ಗಂಡಾದರೆ ತುಂಬಾ ಸುಲಭ. ಮೈಯೆಲ್ಲ ಕಪ್ಪು, ಕೊಕ್ಕು ಕಿತ್ತಳೆ ಬೆರೆತ ಹಳದಿ, ಕಣ್ಣಿನ ಸುತ್ತ ಅದೇ ಹಳದಿಯ ತೆಳ್ಳನೆ ಬಳೆ. ಉದ್ದ ಸುಮಾರು 25 ಸೆಂಟಿಮೀಟರ್, ತೂಕ 100 ಗ್ರಾಂ ಆಸುಪಾಸು. ನಮ್ಮ ಮೈನಾಕ್ಕಿಂತ ಚೂರು ದೊಡ್ಡದು ಅಂದುಕೊಳ್ಳಿ.

ಹೆಣ್ಣು ಕಪ್ಪಲ್ಲ. ಹೆಸರಿನಲ್ಲಿ ಕಪ್ಪಿದೆ ಅಂತ ಹುಡುಕುವವರು ಮೋಸಹೋಗುವುದು ಇಲ್ಲೇ. ಅವಳದು ಗಾಢ ಕಂದು, ಎದೆಯ ಮೇಲೆ ಮಾಸಲು ಚುಕ್ಕೆಗಳು, ಕೊಕ್ಕೂ ಮಂಕು. ಮರಿಗಳು ಇನ್ನೂ ಸ್ವಲ್ಪ ಕೆಂಪು ಕಂದು, ಮೈಯೆಲ್ಲ ಚುಕ್ಕೆ. ಒಂದು ವರ್ಷದ ಗಂಡು ಈ ಎರಡರ ನಡುವೆ ಇರುತ್ತದೆ: ಮೈ ಕಪ್ಪಾಗಿರುತ್ತದೆ, ಆದರೆ ರೆಕ್ಕೆಯಲ್ಲಿ ಹಳೆಯ ಕಂದು ಗರಿಗಳು ಉಳಿದಿರುತ್ತವೆ.

ಪಕ್ಕದಲ್ಲೇ ಮೇಯುವ ಸ್ಟಾರ್ಲಿಂಗ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದರ ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಬಾಲ ಗಿಡ್ಡ, ನಡೆಯುವುದು ಹೆಜ್ಜೆ ಹಾಕುತ್ತಾ. ಬ್ಲ್ಯಾಕ್‌ಬರ್ಡ್ ಕುಪ್ಪಳಿಸುತ್ತದೆ, ಓಡುತ್ತದೆ, ಗಕ್ಕನೆ ನಿಲ್ಲುತ್ತದೆ. ಕೂತ ತಕ್ಷಣ ಬಾಲ ಮೇಲಕ್ಕೆತ್ತಿ ನಿಧಾನಕ್ಕೆ ಇಳಿಸುತ್ತದೆ. ಅದನ್ನು ಒಂದು ಸಲ ನೋಡಿದರೆ ದೂರದಿಂದ ನೆರಳಾಗಿ ಕಂಡರೂ ಗೊತ್ತಾಗಿಬಿಡುತ್ತದೆ.

ಜರ್ಮನ್‌ನಲ್ಲಿ ಇದು ಆಮ್ಸೆಲ್, ಫ್ರೆಂಚ್‌ನಲ್ಲಿ ಮೆರ್ಲ್, ಇಟಾಲಿಯನ್‌ನಲ್ಲಿ ಮೆರ್ಲೊ. ವೈಜ್ಞಾನಿಕ ಹೆಸರು ಟರ್ಡಸ್ ಮೆರುಲಾ, 1758ರಲ್ಲಿ ಲಿನೇಯಸ್ ಇಟ್ಟದ್ದು. ಸ್ವೀಡನ್ನಿನ ರಾಷ್ಟ್ರಪಕ್ಷಿಯೂ ಇದೇ. ಕೊಸೊವೊ ಅನ್ನುವ ದೇಶದ ಹೆಸರು ಬಂದಿರುವುದೂ ಇದರಿಂದ. ಸರ್ಬಿಯನ್ ಭಾಷೆಯಲ್ಲಿ ಕೋಸ್ ಅಂದರೆ ಬ್ಲ್ಯಾಕ್‌ಬರ್ಡ್.

ಅಮೆರಿಕದಲ್ಲಿರುವ ನನ್ನ ತಂಗಿಯ ಊರಲ್ಲೂ ಬ್ಲ್ಯಾಕ್‌ಬರ್ಡ್ ಇದೆಯಂತೆ. ಅದೂ ಇದೇನಾ?

ಅಲ್ಲ. ಅಲ್ಲಿನ ಕೆಂಪು ರೆಕ್ಕೆಯ ಬ್ಲ್ಯಾಕ್‌ಬರ್ಡ್ ಬೇರೆಯದೇ ಕುಟುಂಬದ್ದು. ಹೆಸರು ಮಾತ್ರ ಒಂದು. ನಮ್ಮ ಹಕ್ಕಿ ಥ್ರಶ್ ಕುಟುಂಬದ್ದು. ಅಮೆರಿಕದಲ್ಲಿ ಇದಕ್ಕೆ ಹತ್ತಿರದ ನೆಂಟ ಬೇಕೆಂದರೆ ಅಲ್ಲಿ ರಾಬಿನ್ ಅಂತ ಕರೆಯುವ ಇಟ್ಟಿಗೆ ಬಣ್ಣದ ಎದೆಯ ಹಕ್ಕಿಯನ್ನು ನೋಡಬೇಕು.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಇರುವುದು ಮಾತ್ರ ನಿಜವಾಗಿ ಇದೇ. 19ನೇ ಶತಮಾನದಲ್ಲಿ ಯುರೋಪಿನಿಂದ ಹೋದವರು ಊರಿನ ಹಾಡು ಬೇಕು ಅಂತ ಹಿಡಿದುಕೊಂಡು ಹೋಗಿ ಬಿಟ್ಟರು. ಈಗ ಅಲ್ಲಿನ ಹಣ್ಣಿನ ತೋಟದವರಿಗೆ ಅದು ತಲೆನೋವು.

ಕರ್ನಾಟಕದಲ್ಲಿ ಇಂಥದ್ದು ಇಲ್ವಾ?

ಇದೆ! ಪಶ್ಚಿಮ ಘಟ್ಟದಲ್ಲಿ ಇಂಡಿಯನ್ ಬ್ಲ್ಯಾಕ್‌ಬರ್ಡ್ ಇದೆ. ಮೊದಲು ಅದನ್ನು ಯುರೋಪಿನ ಹಕ್ಕಿಯದೇ ಒಂದು ಉಪಜಾತಿ ಅಂತ ಲೆಕ್ಕ ಹಾಕುತ್ತಿದ್ದರು. ಈಗ ಬೇರೆ ಜಾತಿ ಅಂತ ಒಪ್ಪಿದ್ದಾರೆ. ಕೊಡಗು, ಚಿಕ್ಕಮಗಳೂರಿನ ಬೆಟ್ಟಗಳ ಕಡೆ ಕಾಣುವ ಗಂಡಿಗೆ ತಲೆ ಮೇಲೆ ಕಪ್ಪು ಟೋಪಿ ಇಟ್ಟ ಹಾಗಿರುತ್ತದೆ. ಮೈ ಬೂದಿ ಬೆರೆತ ಕಂದು. ಕೊಕ್ಕು, ಕಣ್ಣಿನ ಬಳೆ ಅದೇ ಹಳದಿ. ಹಾಡೂ ಅದೇ ಮನೆತನದ್ದು. ನಾನು ಕಾಫಿ ತೋಟದಲ್ಲಿ ಅದನ್ನು ಕೇಳಿದ್ದು ಮ್ಯೂನಿಕ್‌ಗೆ ಬಂದು ನಾಲ್ಕು ವರ್ಷದ ಮೇಲೆ, ರಜೆಗೆ ಊರಿಗೆ ಹೋದಾಗ. ಅಲ್ಲೇ ಹುಟ್ಟಿ ಬೆಳೆದವಳು ನಾನು, ಅಷ್ಟು ವರ್ಷ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಇಲ್ಲಿಯ ಹಕ್ಕಿ ಕಿವಿ ತೆರೆಸಿದ ಮೇಲೆ ಅಲ್ಲಿಯದು ಕೇಳಿಸಿತು.

ಮಲೆನಾಡಿನ ಹಳ್ಳದ ಪಕ್ಕ ಹುಡುಗನೊಬ್ಬ ಸುಮ್ನೆ ಶಿಳ್ಳೆ ಹಾಕುತ್ತಾ ಹೋದ ಹಾಗೆ ಕೂಗುವ ಮಲಬಾರ್ ವಿಸ್ಲಿಂಗ್ ಥ್ರಶ್ ಕೇಳಿದ್ದೀರಲ್ಲ, ಅದರ ಹೆಸರಲ್ಲಿ ಥ್ರಶ್ ಇದ್ದರೂ ಅದು ನೊಣಹಿಡುಕಗಳ ಕುಟುಂಬದ್ದು. ನೆಂಟಸ್ತಿಕೆ ಅಷ್ಟು ಹತ್ತಿರದ್ದಲ್ಲ. ಆದರೆ ಅವಸರವೇ ಇಲ್ಲದ ಆ ಶಿಳ್ಳೆ ಇಷ್ಟಪಟ್ಟವರಿಗೆ ಇಲ್ಲಿಯ ಬ್ಲ್ಯಾಕ್‌ಬರ್ಡ್ ಕೂಡಲೇ ಹಿಡಿಸುತ್ತದೆ.

ಇದು ಊರಿನ ಹಕ್ಕಿ ತಾನೇ? ಎಲ್ಲಿ ನೋಡಿದರೂ ಇದೆ.

ಈಗ ಊರಿನ ಹಕ್ಕಿ. ಮೊದಲು ಅಲ್ಲ. ಈ ಹಕ್ಕಿಯ ಬಗ್ಗೆ ಒಂದೇ ವಿಷಯ ನೆನಪಿಟ್ಟುಕೊಳ್ಳಿ ಅಂದರೆ ನಾನು ಹೇಳುವುದು ಇದನ್ನೇ: ಸುಮಾರು 200 ವರ್ಷದ ಹಿಂದೆ ಇದು ನಾಚಿಕೆ ಸ್ವಭಾವದ ಕಾಡು ಹಕ್ಕಿ. ಕತ್ತಲು ಕವಿದ ಕಾಡಿನ ಬುಡದಲ್ಲಿ ತರಗೆಲೆ ಕೆದಕುತ್ತಾ, ಮನುಷ್ಯರ ಹೆಜ್ಜೆ ಸದ್ದಿಗೆ ಓಡಿಹೋಗುತ್ತಾ ಇದ್ದದ್ದು. 19ನೇ ಶತಮಾನದ ಶುರುವಿನಲ್ಲಿ ಜರ್ಮನಿಯ ಕೆಲವು ಊರುಗಳ ಉದ್ಯಾನಗಳಿಗೆ ಬರತೊಡಗಿತು. ಆಮೇಲೆ ನಿಧಾನಕ್ಕೆ ಉತ್ತರಕ್ಕೆ, ಪೂರ್ವಕ್ಕೆ ಒಂದೊಂದೇ ನಗರ ಹಿಡಿಯಿತು. ಒಂದು ಊರಿಂದ ಇನ್ನೊಂದು ಊರಿಗೆ ಹಬ್ಬಿದ್ದಲ್ಲ, ಆಯಾ ಊರಿನ ಪಕ್ಕದ ಕಾಡಿನಿಂದಲೇ ಬೇರೆ ಬೇರೆಯಾಗಿ ಊರೊಳಗೆ ಬಂದದ್ದು ಅಂತ ಅವುಗಳ ಜೀನ್ ಪರೀಕ್ಷೆ ಮಾಡಿದವರು ಕಂಡುಕೊಂಡಿದ್ದಾರೆ.

ಯಾಕೆ ಬಂತು? ನಗರದಲ್ಲಿ ಚಳಿ ಒಂದೆರಡು ಡಿಗ್ರಿ ಕಡಿಮೆ. ಹುಲ್ಲುಹಾಸು ಜಾಸ್ತಿ, ಅಂದರೆ ಎರೆಹುಳು ಜಾಸ್ತಿ. ಬೇಲಿ ಗಿಡ, ಹಣ್ಣಿನ ಪೊದೆ ಇವೆ. ಚಳಿಗಾಲದಲ್ಲಿ ಕಾಳು ಹಾಕುವವರಿದ್ದಾರೆ.

ಬಂದ ಮೇಲೆ ಹಕ್ಕಿಯೇ ಬದಲಾಗುತ್ತಾ ಹೋಯಿತು. ಇದಕ್ಕೆ ನಮ್ಮ ಮ್ಯೂನಿಕ್‌ನಲ್ಲೇ ಮಾಡಿದ ಪ್ರಯೋಗ ಇದೆ. ಯೆಸ್ಕೊ ಪಾರ್ಟೆಕೆ ಮತ್ತು ಎಬರ್‌ಹಾರ್ಡ್ ಗ್ವಿನ್ನರ್ ಅನ್ನುವ ವಿಜ್ಞಾನಿಗಳು ನಗರದ ಗೂಡುಗಳಿಂದಲೂ ಕಾಡಿನ ಗೂಡುಗಳಿಂದಲೂ ಮರಿಗಳನ್ನು ತಂದು ಒಂದೇ ಕಡೆ, ಒಂದೇ ಥರ ಸಾಕಿದರು. ಹಾಗೆ ಸಾಕಿದರೂ ನಗರದ ಗಂಡುಗಳಿಗೆ ವಲಸೆ ಹೋಗುವ ತವಕ ಕಡಿಮೆ ಇತ್ತು. ನಗರದ ಹಕ್ಕಿಗಳು ಹಿಡಿದಾಗ ಗಾಬರಿಯ ಹಾರ್ಮೋನನ್ನೂ ಕಡಿಮೆ ಬಿಡುತ್ತಿದ್ದವು. ಅಂದರೆ ಇದು ಬರೀ ಅಭ್ಯಾಸ ಅಲ್ಲ, ಹುಟ್ಟಿನಲ್ಲೇ ಅಥವಾ ತೀರ ಎಳವೆಯಲ್ಲೇ ಬಂದಿರುವ ವ್ಯತ್ಯಾಸ.

ನೀವು ಬಟ್ಟೆ ಒಣಹಾಕುವಾಗ ಎರಡು ಮಾರು ದೂರದಲ್ಲಿ ಕೂತು ನೋಡುತ್ತದಲ್ಲ, ಅದರ ಮುತ್ತಜ್ಜನ ಮುತ್ತಜ್ಜ ಹಾಗೆ ಕೂರುತ್ತಿರಲಿಲ್ಲ. ಮುಂದೆ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಇದೆ.

ಬೆಳಿಗ್ಗೆ ನಾಲ್ಕಕ್ಕೇ ಯಾಕೆ ಹಾಡುತ್ತದೆ? ನಿದ್ದೆ ಬರುವುದಿಲ್ಲ.

ಬೆಳಕು ಹರಿಯುವ ಮುಂಚೆ ಹಾಡುವುದು ಇದರ ಹಳೇ ಅಭ್ಯಾಸ. ಕತ್ತಲೆಯ ಕಾಡಿನ ಹಕ್ಕಿ, ಕಣ್ಣು ದೊಡ್ಡದು. ದೊಡ್ಡ ಕಣ್ಣಿನ ಹಕ್ಕಿಗಳು ಮಿಕ್ಕವಕ್ಕಿಂತ ಬೇಗ ಹಾಡು ಶುರು ಮಾಡುತ್ತವೆ ಅಂತ ಅಧ್ಯಯನಗಳು ತೋರಿಸಿವೆ. ಆ ಹೊತ್ತಿಗೆ ಹುಳು ಹುಡುಕುವಷ್ಟು ಬೆಳಕಿರುವುದಿಲ್ಲ, ಗಾಳಿಯೂ ನಿಂತಿರುತ್ತದೆ. "ಈ ಜಾಗ ನನ್ನದು, ನಾನಿನ್ನೂ ಇದ್ದೇನೆ" ಅಂತ ಪಕ್ಕದವನಿಗೂ ಹೆಂಡತಿಗೂ ಹೇಳುವುದಕ್ಕೆ ಅದೇ ಒಳ್ಳೆ ಸಮಯ.

ಆದರೆ ಮೂರು ಗಂಟೆಗೆ, ಎರಡು ಗಂಟೆಗೆ ಹಾಡುವುದು ಹಕ್ಕಿಯ ತಪ್ಪಲ್ಲ. ನಮ್ಮ ದೀಪಗಳದ್ದು. ಲೈಪ್‌ಜಿಗ್ ನಗರದಲ್ಲಿ ಮಾಡಿದ ಅಧ್ಯಯನದಲ್ಲಿ ಊರ ಮಧ್ಯದ ಬ್ಲ್ಯಾಕ್‌ಬರ್ಡ್‌ಗಳು ಹತ್ತಿರದ ಕಾಡಿನವುಗಳಿಗಿಂತ 5 ಗಂಟೆಯವರೆಗೂ ಮುಂಚೆ ಹಾಡು ಶುರು ಮಾಡಿದ್ದು ಕಂಡಿತು. ಬೀದಿ ದೀಪ, ವಾಹನಗಳ ಸದ್ದು ಎರಡೂ ಇದಕ್ಕೆ ಕಾರಣ. 2013ರ ಇನ್ನೊಂದು ಪ್ರಯೋಗ ನನ್ನನ್ನು ಜಾಸ್ತಿ ಕಾಡಿತು. ರಾತ್ರಿಯಿಡೀ ಬರೀ 0.3 ಲಕ್ಸ್ ಬೆಳಕು ಕೊಟ್ಟರು. ಹುಣ್ಣಿಮೆ ಬೆಳಕಿನಷ್ಟು ಅನ್ನಿ, ಬೀದಿ ದೀಪದ ಬುಡಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಅಷ್ಟಕ್ಕೇ ಆ ಹಕ್ಕಿಗಳು ಕತ್ತಲಲ್ಲಿ ಮಲಗಿದವುಗಳಿಗಿಂತ ಸುಮಾರು ಒಂದು ತಿಂಗಳು ಮುಂಚೆ ಸಂತಾನಕ್ಕೆ ತಯಾರಾದವು.

ಬಾಲ್ಕನಿಯಲ್ಲಿ ರಾತ್ರಿಯಿಡೀ ಅಲಂಕಾರದ ದೀಪ ಉರಿಸುತ್ತಿದ್ದರೆ ಮಲಗುವಾಗ ಆರಿಸಿ. ನಮ್ಮ ಕಟ್ಟಡದಲ್ಲಿ ಸೈಕಲ್ ಶೆಡ್ಡಿನ ದೀಪಕ್ಕೆ ಸೆನ್ಸರ್ ಹಾಕಿಸಿದ ಮೇಲೆ ನಮ್ಮ ಅಂಗಳದವನು ನಾಲ್ಕೂ ಕಾಲರ ಮೇಲೆಯೇ ಶುರು ಮಾಡುತ್ತಿದ್ದಾನೆ. ಮೊದಲು ಎರಡೂವರೆಗೇ ಎದ್ದಿರುತ್ತಿದ್ದ.

ಹಾಡಿನಲ್ಲಿ ವಿಶೇಷ ಏನು? ನನಗೆ ಎಲ್ಲ ಹಕ್ಕಿಯೂ ಒಂದೇ ಥರ ಕೇಳುತ್ತವೆ.

ಒಂದು ಸಂಜೆ, ಮಳೆ ನಿಂತ ಮೇಲೆ ಕೇಳಿ. ಚಾವಣಿಯ ತುದಿ, ಹೊಗೆಗೂಡು, ಟೀವಿ ಆಂಟೆನಾ, ಎಲ್ಲಿ ಎತ್ತರ ಇದೆಯೋ ಅಲ್ಲಿ ಕೂತಿರುತ್ತದೆ. ಮೊದಲು ಎರಡು ಸೆಕೆಂಡಿನಷ್ಟು ತುಂಬಿದ ಕೊಳಲಿನ ಸ್ವರ, ತಗ್ಗಿನ ಶ್ರುತಿಯಲ್ಲಿ. ಕೊನೆಗೆ ಚಿರಿಚಿರಿ ಅಂತ ಒಂದು ಚೂರು ಎಳೆ, ಏನೋ ಹೇಳಲು ಹೋಗಿ ಬಾಯಿ ತೊದಲಿದ ಹಾಗೆ. ಆಮೇಲೆ ಮೌನ. ನಾಲ್ಕೈದು ಸೆಕೆಂಡು ಬಿಟ್ಟು ಮತ್ತೆ, ಈ ಸಲ ಬೇರೆ ಸಾಲು. ಆ ಮೌನ ಇದೆಯಲ್ಲ, ಅದರಿಂದಲೇ ನಾನು ಇದನ್ನು ಗುರುತಿಸುವುದು. ಇದರ ನೆಂಟ ಸಾಂಗ್ ಥ್ರಶ್ ಒಂದೇ ಸಾಲನ್ನು ಎರಡು ಮೂರು ಸಲ ಒತ್ತಿ ಹೇಳುತ್ತದೆ, ಇದು ಹಾಗೆ ಹೇಳುವುದಿಲ್ಲ.

ಪ್ರತಿ ಗಂಡಿಗೂ ಅದರದೇ ಸಾಲುಗಳಿವೆ. ಪಕ್ಕದವನಿಂದ ಕಲಿಯುತ್ತದೆ, ತಾನೇ ಬದಲಾಯಿಸುತ್ತದೆ, ಕೆಲವು ಕೇಳಿದ ಸದ್ದನ್ನೂ ಸೇರಿಸಿಕೊಳ್ಳುತ್ತವೆ. ಮೂರು ವರ್ಷದ ಹಿಂದೆ ನಮ್ಮ ಅಂಗಳದವನ ಒಂದು ಸಾಲು ಕೆಳಗಿನ ಮನೆಯ ಫೋನ್ ರಿಂಗಿನ ಮೊದಲ ನಾಲ್ಕು ಸ್ವರದಂತೆಯೇ ಇತ್ತು. ಆ ಮನೆಯವರು ಬಿಟ್ಟುಹೋದ ಮೇಲೂ ಎರಡು ವರ್ಷ ಅದನ್ನು ಹಾಡಿದ.

ನಗರದ ಸದ್ದು ಹಾಡನ್ನೂ ತಿದ್ದಿದೆ. ವಿಯೆನ್ನಾ ನಗರದ ಹಕ್ಕಿಗಳನ್ನು ಪಕ್ಕದ ವಿಯೆನ್ನಾ ಕಾಡಿನವುಗಳ ಜೊತೆ ಹೋಲಿಸಿ ನೋಡಿದಾಗ ನಗರದವು ಎತ್ತರದ ಶ್ರುತಿಯಲ್ಲಿ ಹಾಡುವುದು ಗೊತ್ತಾಯಿತು. ಮೇಲಿನ ಶ್ರುತಿಯಲ್ಲಿ ಹಾಡಿದರೆ ಹಕ್ಕಿಗೆ ಹೆಚ್ಚು ಜೋರಾಗಿ ಹಾಡಲು ಆಗುತ್ತದೆ, ಟ್ರಾಫಿಕ್ಕಿನ ಗುಂಯ್ ಸದ್ದಿನ ಮೇಲೂ ಕೇಳಿಸುತ್ತದೆ. ಆಳದ ಕೊಳಲಿನ ಸ್ವರ ಕೇಳಬೇಕು ಅಂದರೆ ಒಂದು ಭಾನುವಾರ ಕಾಡಿಗೆ ಹೋಗಿ.

ಸಂಜೆ ಆಗುತ್ತಲೂ ಚಿಂಕ್ ಚಿಂಕ್ ಚಿಂಕ್ ಅಂತ ಬೈಯುತ್ತದಲ್ಲ, ಯಾರ ಮೇಲೆ ಕೋಪ?

ಮಲಗುವ ಜಾಗಕ್ಕೆ ಸೇರುವ ಮುಂಚಿನ ಗಲಾಟೆ ಅದು. ಬೆಕ್ಕು, ಗೂಬೆ ಕಂಡರೂ ಅದೇ ಚಿಂಕ್ ಚಿಂಕ್. ಬೆಕ್ಕು ಪೊದೆಯ ಬುಡದಲ್ಲಿ ಇದ್ದರೆ ಮೆಲ್ಲಗೆ ಪೊಕ್ ಪೊಕ್ ಅನ್ನುತ್ತದೆ. ಮೇಲಿಂದ ಗಿಡುಗ ಬಂದರೆ ಮಾತ್ರ ಸದ್ದೇ ಬೇರೆ, ತೆಳ್ಳಗೆ, ಎತ್ತರಕ್ಕೆ, ಸೀ... ಅಂತ. ಆ ಸದ್ದು ಎಲ್ಲಿಂದ ಬಂತು ಅಂತ ಪತ್ತೆ ಮಾಡುವುದು ಕಷ್ಟ. ಎಷ್ಟೋ ಬೇರೆ ಬೇರೆ ಸಣ್ಣ ಹಕ್ಕಿಗಳು ಗಿಡುಗನಿಗೆ ಇಂಥದ್ದೇ ಸದ್ದು ಇಟ್ಟುಕೊಂಡಿವೆ ಅಂತ 1955ರಲ್ಲೇ ಪೀಟರ್ ಮಾರ್ಲರ್ ತೋರಿಸಿದ್ದರು.

ಯಾರಿಗೆ ಬೈಯಬೇಕು ಅನ್ನುವುದನ್ನು ಇವು ಒಂದರಿಂದ ಒಂದು ಕಲಿಯುತ್ತವೆ. 1978ರಲ್ಲಿ ಜರ್ಮನಿಯ ಎಬರ್‌ಹಾರ್ಡ್ ಕೂರಿಯೊ ಮತ್ತು ಜೊತೆಯವರು ಪ್ರಕಟಿಸಿದ ಪ್ರಯೋಗ ಇದು. ಎರಡು ಬ್ಲ್ಯಾಕ್‌ಬರ್ಡ್, ನಡುವೆ ಒಂದು ಪೆಟ್ಟಿಗೆ. ಒಂದಕ್ಕೆ ಪೆಟ್ಟಿಗೆಯಲ್ಲಿ ಗೂಬೆ ಕಾಣುತ್ತದೆ. ಇನ್ನೊಂದಕ್ಕೆ ಅದೇ ಪೆಟ್ಟಿಗೆಯ ಈಚೆ ಬದಿಯಲ್ಲಿ ಯಾರಿಗೂ ಏನೂ ಮಾಡದ ಒಂದು ಆಸ್ಟ್ರೇಲಿಯಾದ ಹಕ್ಕಿ ಕಾಣುತ್ತದೆ. ಮೊದಲನೆಯದು ಗೂಬೆ ನೋಡಿ ಬೈಯುತ್ತದೆ. ಎರಡನೆಯದು ಆ ಪಾಪದ ಹಕ್ಕಿಗೇ ಬೈಯುತ್ತಿದ್ದಾನೆ ಅಂದುಕೊಂಡು ತಾನೂ ಸೇರಿಕೊಳ್ಳುತ್ತದೆ. ಆಮೇಲೆ ಆ ಪಾಠವನ್ನು ಮೂರನೆಯದಕ್ಕೆ, ಮೂರನೆಯದು ನಾಲ್ಕನೆಯದಕ್ಕೆ ಕಲಿಸುತ್ತದೆ. ಹೀಗೆ 6 ಹಕ್ಕಿಗಳವರೆಗೆ ಹೋಯಿತು. ಒಂದು ಪ್ಲಾಸ್ಟಿಕ್ ಬಾಟಲಿಗೂ ಬೈಯುವುದನ್ನು ಹೀಗೇ ಕಲಿಸಲು ಆಯಿತು, ಅಷ್ಟು ಚೆನ್ನಾಗಿ ಅಲ್ಲದಿದ್ದರೂ. ನಿಮ್ಮ ಓಣಿಯ ಹಕ್ಕಿಗಳು ಒಂದೇ ಬೆಕ್ಕಿನ ಮೇಲೆ ವರ್ಷಗಟ್ಟಲೆ ಹಗೆ ಇಟ್ಟುಕೊಂಡಿದ್ದರೆ ಆಶ್ಚರ್ಯ ಪಡಬೇಡಿ.

ಹುಲ್ಲಿನ ಮೇಲೆ ಓಡಿ, ನಿಂತು, ತಲೆ ಓರೆ ಮಾಡುತ್ತದೆ. ಹುಳುವಿನ ಸದ್ದು ಕೇಳಿಸಿಕೊಳ್ಳುತ್ತಿದೆಯಾ?

ಮುಖ್ಯವಾಗಿ ನೋಡುತ್ತಿದೆ. ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ನೆಲವನ್ನು ಸರಿಯಾಗಿ ನೋಡಬೇಕಾದರೆ ತಲೆ ವಾಲಿಸಲೇಬೇಕು. ಆದರೆ ಕಿವಿಗೂ ಕೆಲಸ ಇರಬಹುದು. ಇದರ ನೆಂಟ ಅಮೆರಿಕನ್ ರಾಬಿನ್ ಮಣ್ಣೊಳಗಿನ ಹುಳುವನ್ನು ಬರೀ ಸದ್ದಿನಿಂದಲೇ ಹಿಡಿಯಬಲ್ಲದು ಅಂತ 1997ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ.

ಎರೆಹುಳು ಸಿಕ್ಕಾಗ ಹತ್ತಿರದಿಂದ ನೋಡಿ. ಒಂದೇ ಸಲ ಜಗ್ಗಿದರೆ ಹುಳು ತುಂಡಾಗುತ್ತದೆ. ಅದಕ್ಕೇ ಕಾಲೂರಿ, ಹಿಂದಕ್ಕೆ ವಾಲಿ, ಸ್ವಲ್ಪ ಎಳೆದು, ಹಿಡಿತ ಬಿಡದೆ ಕಾಯುತ್ತದೆ. ಹುಳು ಸಡಿಲಿಸಿದ ಆ ಗಳಿಗೆಯಲ್ಲಿ ಇನ್ನೊಂದಿಷ್ಟು ಎಳೆಯುತ್ತದೆ. ತರಗೆಲೆ ಇದ್ದ ಕಡೆ ಕೊಕ್ಕಿನಿಂದ ಎಲೆ ಎತ್ತಿ ಬಿಸಾಕುತ್ತಾ, ಕಾಲಿನಿಂದ ಕೆದರುತ್ತಾ ಹೋಗುತ್ತದೆ. ಆ ಸದ್ದು ಕೇಳಿ ಪೊದೆಯಲ್ಲಿ ದೊಡ್ಡ ಪ್ರಾಣಿಯೇ ಇದೆ ಅನ್ನಿಸುತ್ತದೆ. ಕಾಡಿನ ಬುಡದಲ್ಲಿ ಬದುಕುತ್ತಿದ್ದಾಗ ಕಲಿತದ್ದು ಅದು.

ಬಾಲ್ಕನಿಯ ಹೂಕುಂಡದಲ್ಲಿ ಗೂಡು ಕಟ್ಟಿದೆ. ಗಿಡಕ್ಕೆ ನೀರು ಹಾಕಬಹುದಾ? ಬಾಲ್ಕನಿಗೆ ಹೋಗಬಹುದಾ?

ಮೊದಲು ಸಂತೋಷಪಡಿ. ಆಮೇಲೆ ಸುಮಾರು ಒಂದು ತಿಂಗಳು ಬಾಲ್ಕನಿಯನ್ನು ಅವಳಿಗೆ ಬಿಟ್ಟುಕೊಡಿ. ಮೊಟ್ಟೆ ಅಥವಾ ಮರಿ ಇರುವ ಗೂಡನ್ನು ತೆಗೆಯುವುದು ಇಲ್ಲಿ ಕಾನೂನಿಗೂ ವಿರುದ್ಧ. ಜರ್ಮನಿಯಲ್ಲಿ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಬೇಲಿ ಗಿಡಗಳನ್ನು ಬುಡಮಟ್ಟ ಕತ್ತರಿಸಬಾರದು ಅನ್ನುವ ನಿಯಮ ಇರುವುದೂ ಇಂಥ ಗೂಡುಗಳಿಗಾಗಿಯೇ.

ಗೂಡು ಕಟ್ಟುವವಳು ಹೆಣ್ಣು. ಎರಡು ವರ್ಷದ ಹಿಂದೆ ನಮ್ಮ ಬಾಲ್ಕನಿಯ ಮೂಲೆಯ ಕುಂಡದಲ್ಲಿ ಕಟ್ಟಿದಾಗ ಗಾಜಿನ ಈಚೆಯಿಂದ ಪೂರ್ತಿ ನೋಡಿದೆ. ಮೊದಲು ಒಣಹುಲ್ಲು, ಸಣ್ಣ ಕಡ್ಡಿ, ಪಾಚಿ. ಅದರೊಳಗೆ ಒದ್ದೆ ಮಣ್ಣು. ಕೊಕ್ಕಿನ ತುಂಬ ಕೆಸರು ತಂದು ಉಗುಳಿ, ಗೂಡೊಳಗೆ ಕೂತು ಎದೆಯನ್ನು ಗೋಡೆಗೆ ಒತ್ತಿ ಹಿಡಿದು ಸುತ್ತುತ್ತಿದ್ದಳು, ಕುಂಬಾರರು ಮಡಕೆಯ ಒಳಮೈ ನುಣುಪು ಮಾಡುವ ಹಾಗೆ. ಸುತ್ತುವಾಗ ಕಾಲಿನಿಂದ ಹಿಂದಕ್ಕೆ ಒದೆಯುತ್ತಿದ್ದಳು, ಕುಂಡದ ಎಲೆಗಳು ಅಲುಗುತ್ತಿದ್ದವು. ಮಣ್ಣು ಒಣಗಿದ ಮೇಲೆ ಒಳಗೆ ನವಿರಾದ ಹುಲ್ಲಿನ ಹಾಸಿಗೆ. ಆ ವಾರ ಮಳೆ ಇರಲಿಲ್ಲ. ಒಂದು ತಟ್ಟೆಯಲ್ಲಿ ಮಣ್ಣು ಕಲಸಿ ಅಂಗಳದಲ್ಲಿಟ್ಟೆ, ಅರ್ಧ ಗಂಟೆಯಲ್ಲಿ ಬಂದು ತೆಗೆದುಕೊಂಡು ಹೋದಳು.

ಮೊಟ್ಟೆ 3ರಿಂದ 5. ಬಣ್ಣ ನೀಲಿ ಬೆರೆತ ತಿಳಿಹಸಿರು, ಮೇಲೆ ಕೆಂಪು ಕಂದಿನ ಸಣ್ಣ ಚುಕ್ಕೆ. ಕಾವು ಕೂರುವವಳೂ ಅವಳೇ, ಸುಮಾರು 13 ದಿನ. ಮರಿ ಒಡೆದ ಮೇಲೆ ಅಪ್ಪನೂ ಗುಟುಕು ತರುತ್ತಾನೆ. ಇನ್ನೂ 13, 14 ದಿನಕ್ಕೆ ಮರಿಗಳು ಗೂಡು ಬಿಡುತ್ತವೆ. ಒಂದು ವರ್ಷಕ್ಕೆ ಇಂಥ ಎರಡು ಮೂರು ಸಂಸಾರ.

ನೀರು ಬೇಕಾದರೆ ಹಾಕಿ, ಆದರೆ ಗೂಡಿನಿಂದ ದೂರದ ಅಂಚಿಗೆ, ಅವಳು ಮೇಯಲು ಹೋದ ಹತ್ತು ನಿಮಿಷದಲ್ಲಿ. ಫೋಟೋ ತೆಗೆಯಲು ಎಲೆ ಸರಿಸಬೇಡಿ. ನೀವು ಇಣುಕುವುದನ್ನು ಕಾಗೆ, ಮ್ಯಾಗ್‌ಪೈ ನೋಡುತ್ತಿರುತ್ತವೆ. ನಮ್ಮ ಬಾಲ್ಕನಿಯ ನಾಲ್ಕು ಮೊಟ್ಟೆಯಲ್ಲಿ ಹಾರಿಹೋದದ್ದು ಎರಡು ಮರಿ.

ಮರಿ ನೆಲದ ಮೇಲೆ ಬಿದ್ದಿದೆ! ಹಾರಲು ಬರುತ್ತಿಲ್ಲ. ಏನು ಮಾಡಲಿ?

ಮುಟ್ಟಬೇಡಿ. ಮೊದಲು ಎರಡು ಹೆಜ್ಜೆ ಹಿಂದೆ ಬಂದು ನೋಡಿ.

ಮೈ ತುಂಬ ಗರಿ ಇದೆಯಾ? ಬಾಲ ಮೊಂಡಾಗಿದೆಯಾ? ಕುಪ್ಪಳಿಸುತ್ತಿದೆಯಾ, ಆಗಾಗ ಚಿರ್ರ್ ಅನ್ನುತ್ತಿದೆಯಾ? ಹಾಗಾದರೆ ಅದು ಬಿದ್ದಿಲ್ಲ. ತಾನಾಗಿಯೇ ಹೊರಗೆ ಬಂದಿದೆ. ಬ್ಲ್ಯಾಕ್‌ಬರ್ಡ್ ಮರಿಗಳು ಹಾರಲು ಕಲಿಯುವ ಮುಂಚೆಯೇ ಗೂಡು ಬಿಡುತ್ತವೆ. ಎಲ್ಲ ಒಂದೇ ಗೂಡಿನಲ್ಲಿದ್ದರೆ ಒಂದು ಮ್ಯಾಗ್‌ಪೈ ಬಂದು ಎಲ್ಲವನ್ನೂ ಮುಗಿಸಬಹುದು. ಚದುರಿ ಪೊದೆಗಳಲ್ಲಿ ಅಡಗಿದರೆ ಒಂದೆರಡಾದರೂ ಉಳಿಯುತ್ತವೆ. ಅಪ್ಪ ಅಮ್ಮ ಅಲ್ಲೇ ಇದ್ದಾರೆ, ನೀವು ಹೋಗಲಿ ಅಂತ ಕಾಯುತ್ತಿದ್ದಾರೆ. ಮರಿ ಕೂಗುವುದೂ ಅದಕ್ಕೇ, ನಾನು ಇಲ್ಲಿದ್ದೇನೆ ಅಂತ ಹೇಳುವುದಕ್ಕೆ. ಸುಮಾರು ಮೂರು ವಾರ ಹೀಗೆ ನೆಲದ ಆಸುಪಾಸಿನಲ್ಲೇ ಗುಟುಕು ತಿನ್ನುತ್ತಾ ಬೆಳೆಯುತ್ತವೆ. ಎಷ್ಟೋ ಸಲ ಅಮ್ಮ ಆಗಲೇ ಮುಂದಿನ ಗೂಡು ಹಿಡಿದಿರುತ್ತಾಳೆ, ಇವುಗಳ ಜವಾಬ್ದಾರಿ ಪೂರ್ತಿ ಅಪ್ಪನದು.

ಪಕ್ಕದಲ್ಲೇ ರಸ್ತೆ ಇದೆ, ಬೆಕ್ಕು ಇದೆ ಅಂದರೆ ಮೆಲ್ಲಗೆ ಎತ್ತಿ ಕೆಲವು ಮಾರು ದೂರದ ಪೊದೆಯೊಳಗೆ ಬಿಡಿ. ಕೂಗಿದರೆ ಅಪ್ಪನಿಗೆ ಕೇಳುವಷ್ಟು ಹತ್ತಿರ ಇರಬೇಕು. ಮನುಷ್ಯರ ವಾಸನೆ ಬಂದರೆ ತಾಯಿ ಬಿಟ್ಟುಬಿಡುತ್ತಾಳೆ ಅನ್ನುವುದು ಸುಳ್ಳು, ಅದಕ್ಕೆ ಹೆದರಬೇಡಿ.

ಮೈಯಲ್ಲಿ ಗರಿ ಇಲ್ಲ, ಕಣ್ಣು ಮುಚ್ಚಿದೆ ಅಂದರೆ ಅದು ನಿಜವಾಗಿ ಬಿದ್ದ ಮರಿ. ಗೂಡು ಸಿಕ್ಕಿದರೆ ವಾಪಸ್ ಇಡಿ. ಗಾಯ ಆಗಿದ್ದರೆ ಅಥವಾ ಬೆಕ್ಕು ಕಚ್ಚಿದ್ದರೆ, ಹೊರಗೆ ಏನೂ ಕಾಣದಿದ್ದರೂ, ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿಟ್ಟು ಹತ್ತಿರದ ವನ್ಯಜೀವಿ ಆರೈಕೆ ಕೇಂದ್ರಕ್ಕೋ ಪಶುವೈದ್ಯರಿಗೋ ಫೋನ್ ಮಾಡಿ. ಹಾಲು, ಬ್ರೆಡ್ ಕೊಡಬೇಡಿ. ಕೊಕ್ಕು ತೆರೆದು ನೀರು ಹೊಯ್ಯಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ.

ನಾನು ಬಂದ ಮೊದಲ ವರ್ಷ ಇದೇನೂ ಗೊತ್ತಿರಲಿಲ್ಲ. ಸೈಕಲ್ ಸ್ಟ್ಯಾಂಡಿನ ಕೆಳಗೆ ಕೂತಿದ್ದ ಆರೋಗ್ಯವಂತ ಮರಿಯನ್ನು ಶೂ ಡಬ್ಬಕ್ಕೆ ಹಾಕಿಕೊಂಡು ಮನೆಗೆ ತಂದೆ. ಚಾವಣಿಯ ಮೇಲಿಂದ ಗಂಡು ಹಕ್ಕಿ ಚಿಂಕ್ ಚಿಂಕ್ ಅಂತ ಕಿರುಚುತ್ತಲೇ ಇತ್ತು, ನನಗೆ ಅರ್ಥವಾಗಲಿಲ್ಲ. ಮಾರನೇ ದಿನ ಮರಿ ಸತ್ತಿತ್ತು. ಈ ಉತ್ತರವನ್ನು ಇಷ್ಟು ಉದ್ದ ಬರೆದಿರುವುದು ಅದಕ್ಕೇ.

ಕಿಟಕಿ ಗಾಜಿಗೆ ಪದೇ ಪದೇ ಬಂದು ಗುದ್ದುತ್ತದೆ. ಒಳಗೆ ಬರಬೇಕಾ ಅದಕ್ಕೆ?

ಇಲ್ಲ. ಗಾಜಿನಲ್ಲಿ ಕಾಣುವ ತನ್ನ ಬಿಂಬವನ್ನು ಇನ್ನೊಬ್ಬ ಗಂಡು ಅಂದುಕೊಂಡಿದೆ. ಆ ಇನ್ನೊಬ್ಬ ಎಷ್ಟು ಹೊಡೆದರೂ ಓಡಿಹೋಗುವುದಿಲ್ಲ ಅಲ್ವಾ, ಅದಕ್ಕೇ ನಿಲ್ಲಿಸುವುದೂ ಇಲ್ಲ. ಗಾಜಿನ ಹೊರಮೈಗೆ ಕೆಲವು ದಿನ ಪೇಪರ್ ಅಂಟಿಸಿ. ಒಳಗೆ ಪರದೆ ಎಳೆದರೆ ಸಾಲದು, ಬಿಂಬ ಮೂಡುವುದು ಹೊರಗೆ.

ಬಿಸಿಲಲ್ಲಿ ರೆಕ್ಕೆ ಹರಡಿ, ಬಾಯಿ ತೆರೆದು ನೆಲದ ಮೇಲೆ ಮಲಗಿದೆ. ಸಾಯುತ್ತಿದೆಯಾ?

ಬಿಸಿಲು ಕಾಯಿಸುತ್ತಿದೆ. ಗರಿ ಕೆದರಿ, ಒಂದು ಬದಿಗೆ ವಾಲಿ, ಕಣ್ಣು ಅರೆಮುಚ್ಚಿ ಮಲಗಿದ್ದನ್ನು ಮೊದಲ ಸಲ ನೋಡಿದವರು ಹೆದರುವುದು ಸಹಜ. ಗರಿಗಳಲ್ಲಿನ ಸಣ್ಣ ಹುಳುಗಳ ಕಾಟ ಕಡಿಮೆ ಮಾಡಿಕೊಳ್ಳಲು ಅಂತ ಹೇಳುತ್ತಾರೆ. ಹತ್ತಿರ ಹೋದರೆ ಎದ್ದು ಓಡುತ್ತದೆ. ಹತ್ತಿರ ಹೋದರೂ ಓಡದಿದ್ದರೆ ಮುಂದಿನದನ್ನು ಓದಿ.

ಬೇಸಿಗೆಯಲ್ಲಿ ಹಕ್ಕಿಗಳು ಸಾಯುತ್ತವಂತೆ, ಏನೋ ವೈರಸ್?

ಉಸುಟು ವೈರಸ್. 1959ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸೊಳ್ಳೆಯಲ್ಲಿ ಮೊದಲು ಪತ್ತೆಯಾಯಿತು, ಅಲ್ಲಿನ ಒಂದು ನದಿಯ ಹೆಸರು ಇಟ್ಟರು. 2001ರಲ್ಲಿ ವಿಯೆನ್ನಾ ಸುತ್ತಮುತ್ತ ಬ್ಲ್ಯಾಕ್‌ಬರ್ಡ್‌ಗಳು ಗುಂಪುಗುಂಪಾಗಿ ಸತ್ತಾಗ ಯುರೋಪಿಗೆ ಇದರ ಹೆಸರು ಗೊತ್ತಾಯಿತು. 2011ರಲ್ಲಿ ಜರ್ಮನಿಯ ರೈನ್ ನದಿಯ ಬಯಲಿಗೆ, 2020ರಲ್ಲಿ ಲಂಡನ್ನಿಗೆ ಬಂತು. ಹರಡುವುದು ಸೊಳ್ಳೆಯಿಂದ. ಮಿಕ್ಕ ಹಕ್ಕಿಗಳಿಗೆ ಬಂದರೂ ಬ್ಲ್ಯಾಕ್‌ಬರ್ಡ್‌ಗೆ ಪೆಟ್ಟು ಜಾಸ್ತಿ. ರೋಗ ಬಂದದ್ದು ತೂಗಾಡುತ್ತದೆ, ಹತ್ತಿರ ಹೋದರೂ ಹಾರುವುದಿಲ್ಲ, ತಲೆ ತಿರುಗಿಸಿಕೊಂಡಿರುತ್ತದೆ. ಮನುಷ್ಯರಿಗೆ ಅಪರೂಪಕ್ಕೆ ಅಂಟುತ್ತದೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೂ ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಿಂತ ನೀರಿನ ಬಕೆಟ್ಟು, ಕುಂಡದ ತಟ್ಟೆ ಖಾಲಿ ಮಾಡಿ. ಹಕ್ಕಿಗೆ ಇಟ್ಟ ನೀರನ್ನು ದಿನಾ ಬದಲಾಯಿಸಿ.

ಒಂದರ ಮೈಮೇಲೆ ಬಿಳಿ ಗರಿ ಇದೆ. ಬೇರೆ ಜಾತಿನಾ?

ಅದೇ ಜಾತಿ. ಗರಿಗೆ ಬಣ್ಣ ಸೇರದೆ ಹಾಗಾಗುತ್ತದೆ. ಬ್ಲ್ಯಾಕ್‌ಬರ್ಡ್‌ನಲ್ಲಿ ಇದು ಆಗಾಗ ಕಾಣುತ್ತದೆ, ಕಪ್ಪಿನ ಮೇಲೆ ಬಿಳಿ ಎದ್ದು ಕಾಣುವುದರಿಂದಲೂ ಇರಬಹುದು. ಪೂರ್ತಿ ಬಿಳಿ ಮಾತ್ರ ಅಪರೂಪ. ಫ್ರೆಂಚರು ಸಿಗಲಾರದ ವಸ್ತುವಿಗೆ, ಸಿಗಲಾರದ ಮನುಷ್ಯನಿಗೆ "ಬಿಳಿ ಮೆರ್ಲ್" ಅನ್ನುತ್ತಾರೆ.

ಇಟಲಿಯಲ್ಲಿ ಇದಕ್ಕೊಂದು ಚೆಂದದ ಕತೆ. ಮೊದಲು ಈ ಹಕ್ಕಿ ಬೆಳ್ಳಗಿತ್ತಂತೆ. ಜನವರಿಯ ಕೊನೆಯಲ್ಲಿ ಕೊರೆಯುವ ಚಳಿ ತಡೆಯಲಾರದೆ ಮರಿಗಳ ಜೊತೆ ಒಂದು ಮನೆಯ ಹೊಗೆಗೂಡಿನೊಳಗೆ ಮೂರು ದಿನ ಅಡಗಿತ್ತು. ಹೊರಗೆ ಬಂದಾಗ ಮಸಿ ಹಿಡಿದು ಕಪ್ಪಾಗಿತ್ತು. ಇವತ್ತಿಗೂ ಜನವರಿ 29, 30, 31ಕ್ಕೆ ಅಲ್ಲಿನವರು "ಮೆರ್ಲಾಳ ದಿನಗಳು" ಅನ್ನುತ್ತಾರೆ, ವರ್ಷದಲ್ಲೇ ಅತಿ ಚಳಿಯ ದಿನಗಳು ಅಂತ.

ಕೆಲವು ಗಂಡುಗಳ ಕೊಕ್ಕು ಕಿತ್ತಳೆ, ಕೆಲವುದರದ್ದು ಪೇಲವ. ಯಾಕೆ?

ಆ ಬಣ್ಣ ಕ್ಯಾರೊಟಿನಾಯ್ಡ್‌ಗಳಿಂದ ಬರುತ್ತದೆ, ಕ್ಯಾರೆಟ್ಟಿನಲ್ಲಿ ಇರುವಂಥದ್ದೇ. ಹಕ್ಕಿ ಅದನ್ನು ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ರೋಗದ ವಿರುದ್ಧ ಹೋರಾಡಲೂ ಮೈಗೆ ಅದೇ ಬೇಕು. 2003ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಗಂಡು ಬ್ಲ್ಯಾಕ್‌ಬರ್ಡ್‌ಗಳ ರೋಗನಿರೋಧಕ ಶಕ್ತಿಯನ್ನು ಕೆಣಕಿ ನೋಡಿದರು. ಕೆಲವೇ ವಾರಗಳಲ್ಲಿ ಕೊಕ್ಕಿನ ಬಣ್ಣ ಮಂಕಾಯಿತು. ಅಂದರೆ ಹೆಣ್ಣು ನೋಡುವುದು ಬರೀ ಅಂದವನ್ನಲ್ಲ, ಆರೋಗ್ಯವನ್ನೂ.

ಏನು ತಿನ್ನಲು ಹಾಕಲಿ?

ನೆಲದ ಮೇಲೆ ತಿನ್ನುವ ಹಕ್ಕಿ ಇದು, ನೇತುಹಾಕಿದ ಕಾಳಿನ ಡಬ್ಬ ಇದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಚಳಿಗಾಲದಲ್ಲಿ ಅರ್ಧ ಕತ್ತರಿಸಿದ ಸೇಬು, ನೆನೆಸಿದ ಒಣದ್ರಾಕ್ಷಿ, ಸ್ವಲ್ಪ ಎಣ್ಣೆ ಬೆರೆಸಿದ ಓಟ್ಸ್ ಸಾಕು. ಉಪ್ಪು, ಮಸಾಲೆ ಇರುವ ನಮ್ಮ ಅನ್ನ, ಉಪ್ಪಿಟ್ಟು, ಚಪಾತಿ ಬೇಡ. ಪ್ರೀತಿಯಿಂದಲೇ ಹಾಕುತ್ತೀರಿ, ಗೊತ್ತು, ಆದರೆ ಬೇಡ.

ಇನ್ನೂ ಒಳ್ಳೆಯದು ಹಣ್ಣಿನ ಪೊದೆ ನೆಡುವುದು. ಐವಿ ಬಳ್ಳಿ, ರೋವನ್, ಹಾಥಾರ್ನ್. ಹಣ್ಣು ತಿಂದು ಬೀಜ ಹರಡುವ ಕೆಲಸವನ್ನೂ ಇದು ಮಾಡುತ್ತದೆ. ಬೇಸಿಗೆಯಲ್ಲಿ ಮಳೆ ಬಾರದಿದ್ದರೆ ಎರೆಹುಳು ಆಳಕ್ಕೆ ಇಳಿದುಬಿಡುತ್ತವೆ, ಗೂಡಿನಲ್ಲಿರುವ ಮರಿಗಳು ಹಸಿಯುತ್ತವೆ. ಆಗ ಮಣ್ಣಿನ ಒಂದು ಮೂಲೆಗೆ ಸಂಜೆ ಹೊತ್ತು ನೀರು ಹಾಕಿದರೆ ಅದೇ ದೊಡ್ಡ ಉಪಕಾರ.

ಚಳಿಗಾಲದಲ್ಲಿ ವಲಸೆ ಹೋಗುತ್ತದಾ? ಎಷ್ಟು ವರ್ಷ ಬದುಕುತ್ತದೆ?

ಎಲ್ಲಿಯದು ಅನ್ನುವುದರ ಮೇಲೆ ಹೋಗುತ್ತದೆ. ಬ್ರಿಟನ್ನಿನವು ಹೆಚ್ಚಾಗಿ ಅಲ್ಲೇ ಇರುತ್ತವೆ. ಸ್ಕ್ಯಾಂಡಿನೇವಿಯಾ ಕಡೆಯವು ಪಶ್ಚಿಮಕ್ಕೆ, ದಕ್ಷಿಣಕ್ಕೆ ರಾತ್ರಿ ಹೊತ್ತು ಹಾರಿ ಬರುತ್ತವೆ. ಹಾಗಾಗಿ ಜನವರಿಯಲ್ಲಿ ನಿಮ್ಮ ಅಂಗಳದ ಸೇಬು ತಿನ್ನುವುದು ನಿಮ್ಮ ಹಳೇ ಪರಿಚಯದ್ದೇ ಇರಬೇಕಾಗಿಲ್ಲ, ಸ್ವೀಡನ್ನಿನಿಂದ ಬಂದ ಅತಿಥಿಯೂ ಇರಬಹುದು.

ಆಯಸ್ಸು ಸರಾಸರಿ ಎರಡೂವರೆ ವರ್ಷದ ಹತ್ತಿರ ಮಾತ್ರ. ಆದರೆ ಕಾಲಿಗೆ ಉಂಗುರ ಹಾಕಿ ಬಿಟ್ಟ ಒಂದು ಹಕ್ಕಿ 21 ವರ್ಷ 10 ತಿಂಗಳು ಬದುಕಿದ ದಾಖಲೆ ಇದೆ.

ಜುಲೈ ಮುಗಿಯಿತು, ಹಾಡು ನಿಂತುಹೋಯಿತು. ನಮ್ಮ ಹಕ್ಕಿಗೆ ಏನಾದರೂ ಆಯಿತಾ?

ಏನೂ ಆಗಿಲ್ಲ. ಮೂರು ಸಂಸಾರ ಮುಗಿಸಿ ಗರಿ ಉದುರಿಸುತ್ತಿದೆ. ಈ ಹೊತ್ತಿನಲ್ಲಿ ಕೆಲವು ಗಂಡುಗಳ ತಲೆ ಬೋಳಾಗಿ, ಬಾಲವೇ ಇಲ್ಲದೆ ಇರುತ್ತವೆ. ಸರಿಯಾಗಿ ಹಾರಲು ಆಗುವುದಿಲ್ಲ, ಅದಕ್ಕೆ ಪೊದೆಯೊಳಗೆ ಮೌನವಾಗಿ ಇರುತ್ತವೆ. ಆಗಸ್ಟ್ ಪೂರ್ತಿ ಅಂಗಳ ಖಾಲಿ ಅನ್ನಿಸುತ್ತದೆ. ನನಗೂ ಪ್ರತಿ ವರ್ಷ ಅನ್ನಿಸುತ್ತದೆ.

ಆದರೆ ಅಕ್ಟೋಬರ್‌ನಲ್ಲಿ, ಬಿಸಿಲಿರುವ ಒಂದು ಮಧ್ಯಾಹ್ನ, ಐವಿ ಬಳ್ಳಿ ಹಬ್ಬಿದ ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಎಲೆಗಳ ಒಳಗಿಂದ ಏನೋ ಗುನುಗು ಕೇಳಬಹುದು. ಮೂರು ನಾಲ್ಕು ಮಾರು ದೂರ ಸರಿದರೆ ಕೇಳಿಸದಷ್ಟು ಮೆಲ್ಲಗೆ. ಅದೂ ಇದೇ ಹಕ್ಕಿ. ಕೊಕ್ಕು ಮುಚ್ಚಿಕೊಂಡೇ, ಗಂಟಲು ಮಾತ್ರ ಅಲುಗಿಸುತ್ತಾ, ವಸಂತದ ಸಾಲುಗಳನ್ನು ಬಿಡಿಬಿಡಿಯಾಗಿ ಹಾಡಿಕೊಳ್ಳುತ್ತಿರುತ್ತದೆ. ಕಳೆದ ವರ್ಷ ಅಂಥ ಗುನುಗಿನ ನಡುವೆ ಆ ಹಳೇ ಫೋನ್ ರಿಂಗಿನ ನಾಲ್ಕು ಸ್ವರ ಕೇಳಿದೆ. ಹಾಡುತ್ತಿದ್ದದ್ದು ರೆಕ್ಕೆಯಲ್ಲಿ ಇನ್ನೂ ಕಂದು ಗರಿ ಉಳಿದಿದ್ದ ಒಂದು ಎಳೆಯ ಗಂಡು.